ಕುಂತವರ ಆಟ

ನಾನು ಬಿ.ಎ., ಬಿ.ಇಡಿ. ಮಾಡಿದವಳು. ಕಲಿಸುವುದು ಕನ್ನಡ ಮತ್ತು ಸಮಾಜ. ಸೀಟಿ ಊದಲು ಯಾರೂ ನನಗೆ ಪ್ರಮಾಣಪತ್ರ ಕೊಟ್ಟಿಲ್ಲ. ಆದರೂ ಇಪ್ಪತ್ತು ವರ್ಷಕ್ಕೂ ಮೇಲೆ ಊದುತ್ತ ಬಂದಿದ್ದೇನೆ. ಕಾರಣ ಸರಳವಾದದ್ದು. ನಾನು ಕೆಲಸ ಮಾಡಿದ ಶಾಲೆಗಳಲ್ಲಿ ದೈಹಿಕ ಶಿಕ್ಷಕರು ಇದ್ದ ವರ್ಷಗಳಿಗಿಂತ ಇಲ್ಲದ ವರ್ಷಗಳೇ ಹೆಚ್ಚು. ವಲಯ ಮಟ್ಟದ ಕ್ರೀಡಾಕೂಟದ ಪತ್ರ ಬಂದಾಗ ಮುಖ್ಯಾಧ್ಯಾಪಕರು ಎಲ್ಲರ ಮುಖ ನೋಡುತ್ತಾರೆ. ಎಲ್ಲರೂ ಗೋಡೆಯ ಮೇಲಿನ ಗಾಂಧೀಜಿಯವರ ಮುಖ ನೋಡುತ್ತಾರೆ. ಕೊನೆಗೆ ಪತ್ರ ನನ್ನ ಮೇಜಿಗೆ ಬರುತ್ತದೆ.

ಈ ಬರಹ ಹುಟ್ಟಿದ್ದು ಒಂದು ಜಗಳದಿಂದ. ಜಗಳ ಅಂದರೆ ದೊಡ್ಡದೇನಲ್ಲ, ಮಧ್ಯಾಹ್ನದ ಬಿಡುವಿನಲ್ಲಿ ಡಬ್ಬಿ ಬಿಚ್ಚಿಕೊಂಡು ಕುಳಿತಾಗ ಆದದ್ದು. ಹೊಸದಾಗಿ ಬಂದ ತರುಣ ಮಾಸ್ತರರೊಬ್ಬರು ತಮ್ಮ ಮೊಬೈಲಿನಲ್ಲಿ ಖೋ-ಖೋ ಆಟ ತೋರಿಸುತ್ತಿದ್ದರು. ಬಣ್ಣದ ದೀಪ, ಮೆತ್ತನೆಯ ಮ್ಯಾಟು, ಹಾರಿ ಬೀಳುವ ಹುಡುಗರು, ಹಿಂದೆ ಹಿಂದಿಯಲ್ಲಿ ಚೀರುವ ವೀಕ್ಷಕ ವಿವರಣೆ. ನೋಡಲು ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಒಬ್ಬ ಹುಡುಗ ಓಡುತ್ತಿದ್ದವನು ಗಕ್ಕನೆ ತಿರುಗಿ ಬಂದ ದಾರಿಯಲ್ಲೇ ಹಿಂದಕ್ಕೆ ಓಡಿ ಒಬ್ಬನನ್ನು ಮುಟ್ಟಿದ. "ಫೌಲ್!" ಎಂದೆ ನಾನು, ಬಾಯಲ್ಲಿ ತುತ್ತಿರುವಾಗಲೇ. ಮಾಸ್ತರರು ನಕ್ಕರು.

"ಫೌಲ್ ಅಲ್ರಿ ಅಕ್ಕೋರ, ಅಂವಾ ವಜೀರ. ಅವಗ ಯಾ ಕಡೆ ಬೇಕಾದರೂ ತಿರಗಾಕ ಪರವಾನಗಿ ಐತಿ."

"ಯಾರು ಕೊಟ್ಟರು ಪರವಾನಗಿ?"

"ರೂಲ್ಸ್ ಬದಲಾಗ್ಯಾವ್ರಿ. ಆಟ ಅಂದ್ರ ನೋಡವ್ರ ಸಲುವಾಗಿ. ನೋಡವ್ರ ಇರದಿದ್ರ ಆಟ ಯಾಕ ಬೇಕು?"

ನಾನು ಉತ್ತರ ಕೊಡುವಷ್ಟರಲ್ಲಿ ಗಂಟೆ ಬಾರಿಸಿತು. ಆ ಉತ್ತರ ಗಂಟಲಲ್ಲೇ ಉಳಿಯಿತು. ಅದನ್ನು ಈಗ ಇಲ್ಲಿ ಇಳಿಸುತ್ತಿದ್ದೇನೆ. ಮಾಸ್ತರರು ಓದುತ್ತಾರೆಂಬ ಭರವಸೆ ಇದೆ. ಓದದಿದ್ದರೆ ಡಬ್ಬಿಯ ಹೊತ್ತಿಗೆ ನಾನೇ ಓದಿ ಹೇಳುತ್ತೇನೆ.

ಖೋ-ಖೋ ಆಡಿ ಮರೆತವರಿಗಾಗಿ ಒಂದೆರಡು ಮಾತು. ಎರಡು ಕಂಬ. ನಡುವೆ ಎಂಟು ಚೌಕ. ಎಂಟು ಜನ ಕೂಡುತ್ತಾರೆ, ಒಬ್ಬರ ಮುಖ ಈ ಕಡೆ ಇದ್ದರೆ ಪಕ್ಕದವರ ಮುಖ ಆ ಕಡೆ. ಒಂಬತ್ತನೆಯವಳು ಬೆನ್ನಟ್ಟುತ್ತಾಳೆ. ಎದುರು ತಂಡದವರು ಮೂವರು ಮೂವರಾಗಿ ಒಳಗೆ ಬಂದು ತಪ್ಪಿಸಿಕೊಳ್ಳುತ್ತಾರೆ. ಓಡುವವರಿಗೆ ಎಲ್ಲ ಸ್ವಾತಂತ್ರ್ಯವೂ ಇದೆ. ಕುಂತವರ ನಡುವೆ ನುಸುಳಬಹುದು, ಹಿಂದೆ ಮುಂದೆ ತಿರುಗಬಹುದು. ಬೆನ್ನಟ್ಟುವವಳಿಗೆ ಅದಿಲ್ಲ. ಒಮ್ಮೆ ಒಂದು ದಿಕ್ಕು ಹಿಡಿದಳೆಂದರೆ ಕಂಬ ದಾಟುವವರೆಗೆ ಅದೇ ದಿಕ್ಕು. ಕುಂತವರ ನಡುವೆ ನುಸುಳುವಂತಿಲ್ಲ. ಹಾಗಾದರೆ ಹಿಡಿಯುವುದು ಹೇಗೆ? ಕುಂತವಳೊಬ್ಬಳ ಬೆನ್ನು ಮುಟ್ಟಿ "ಖೋ" ಎನ್ನಬೇಕು. ಅವಳು ಏಳುತ್ತಾಳೆ, ಇವಳು ಅವಳ ಚೌಕದಲ್ಲಿ ಕೂಡುತ್ತಾಳೆ.

ಈ ಇಡೀ ಆಟ ನಿಂತಿರುವುದು ಆ ಒಂದು ತಡೆಯ ಮೇಲೆ. ತಿರುಗಲು ಬರುವುದಿಲ್ಲ ಎಂಬ ಕಾರಣಕ್ಕೇ ಇನ್ನೊಬ್ಬಳು ಬೇಕಾಗುತ್ತಾಳೆ. ಎಷ್ಟೇ ಕಾಲಬಲವಿದ್ದ ಹುಡುಗಿಯೂ ಒಂದು ಹಂತದಲ್ಲಿ ಸೋತು, ತನಗಿಂತ ನಿಧಾನದವಳ ಬೆನ್ನು ತಟ್ಟಿ, ತಾನು ಕುಕ್ಕರಗಾಲಲ್ಲಿ ಕೂಡಲೇಬೇಕು. ಶಾಲೆಯಲ್ಲಿ ನಾನು ಪಾಠ ಮಾಡುವ ಸಮಾಜಶಾಸ್ತ್ರದಲ್ಲಿ ಇಷ್ಟು ಸ್ಪಷ್ಟವಾದ ಪಾಠ ಇನ್ನೊಂದಿಲ್ಲ. ವಜೀರ ಬಂದ ಕೂಡಲೇ ಆ ತಡೆ ಒಬ್ಬರ ಮಟ್ಟಿಗೆ ಹೋಯಿತು. ಅಲ್ಲಿಂದಲೇ ನನ್ನ ತಕರಾರು ಆರಂಭವಾಗುತ್ತದೆ.

ನಾನು ಆಡಿದ್ದು ಎಪ್ಪತ್ತರ ದಶಕದ ಕೊನೆಗೆ, ಎಂಬತ್ತರ ಆರಂಭದಲ್ಲಿ. ಪರಕಾರ-ಪೋಲಕಾ ಹಾಕಿಕೊಂಡು, ಪರಕಾರದ ತುದಿಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ ಓಡುತ್ತಿದ್ದೆವು. ಅಂಕಣದ ಗೆರೆ ಎಳೆಯಲು ಸುಣ್ಣ ಸಿಗುತ್ತಿರಲಿಲ್ಲ, ಒಲೆಯ ಬೂದಿ ತರುತ್ತಿದ್ದೆವು. ನಮ್ಮ ಅವ್ವನಿಗೆ ನಾನು ಆಡುವುದು ಸೇರುತ್ತಿರಲಿಲ್ಲ. "ದೊಡ್ಡಾಕಿ ಆಗಾಕತ್ತಿದಿ, ಮಂದಿ ಮುಂದ ಹಿಂಗ ಜಿಗದಾಡತಾರೇನ?" ಎನ್ನುತ್ತಿದ್ದಳು. ಏಳನೆಯ ಇಯತ್ತೆಯ ನಂತರ ನನ್ನ ಆಟ ನಿಂತಿತು. ನನ್ನ ಜೊತೆ ಆಡಿದ ಎಂಟು ಜನರಲ್ಲಿ ಆರು ಜನರ ಶಾಲೆಯೇ ನಿಂತಿತು. ನಾನು ಆಟದಲ್ಲಿ ಗಟ್ಟಿಗಳೇನೂ ಆಗಿರಲಿಲ್ಲ. ನನ್ನ ಚೌಕ ಮೂರನೆಯದು. ನನ್ನ ಕೆಲಸ ಕಿವಿ ತೆರೆದು ಕೂಡುವುದು, ಖೋ ಬಂದ ಕ್ಷಣ ಏಳುವುದು, ನಾಲ್ಕು ಹೆಜ್ಜೆ ಓಡಿ ಇನ್ನೊಬ್ಬಳಿಗೆ ಕೊಡುವುದು. ಔಟು ಮಾಡಿದ್ದು ಕಡಿಮೆ. ಆದರೆ ಒಂದು ಪಾಳಿಯಲ್ಲಿ ಹದಿನೈದು ಇಪ್ಪತ್ತು ಬಾರಿಯಾದರೂ ನನ್ನ ಬೆನ್ನ ಮೇಲೆ ಒಂದು ಕೈ ಬೀಳುತ್ತಿತ್ತು. ಆ ಕೈಯ ನೆನಪು ಇನ್ನೂ ಬೆನ್ನಲ್ಲಿದೆ.

ಇರಲಿ. ಬದಲಾದದ್ದೇನು ಎಂಬುದನ್ನು ಹೇಳುತ್ತೇನೆ.

ಖೋ-ಖೋಗೆ ಬರಹದ ನಿಯಮ ಬಂದದ್ದು ಪುಣೆಯಲ್ಲಿ, 1914ರ ಸುಮಾರಿಗೆ. ಅದರ ನಂತರ ಬರೋಡದವರು ತಿದ್ದಿದರು, ಮಹಾರಾಷ್ಟ್ರದ ವ್ಯಾಯಾಮ ಸಂಸ್ಥೆಗಳು ತಿದ್ದಿದವು. ಅಂದರೆ ನಿಯಮ ತಿದ್ದುವುದು ಪಾಪವೇನಲ್ಲ, ಹಿರಿಯರೂ ತಿದ್ದಿದ್ದಾರೆ. ದೊಡ್ಡವರ ಆಟದಲ್ಲಿ 27 ಮೀಟರು ಉದ್ದ, 16 ಮೀಟರು ಅಗಲದ ಅಂಕಣ, 9 ನಿಮಿಷದ ಪಾಳಿ, ಒಬ್ಬರನ್ನು ಔಟು ಮಾಡಿದರೆ 1 ಅಂಕ ಎಂಬುದು ಬಹಳ ಕಾಲ ನಡೆದುಬಂದ ಲೆಕ್ಕ. 2022ರ ಆಗಸ್ಟಿನಲ್ಲಿ ಪುಣೆಯ ಬಾಲೇವಾಡಿಯಲ್ಲಿ ಅಲ್ಟಿಮೇಟ್ ಖೋ-ಖೋ ಎಂಬ ವೃತ್ತಿಪರ ಲೀಗು ಆರಂಭವಾಯಿತು. ಆರು ತಂಡ. ಆಟಗಾರರಿಗೆ ಸಂಬಳ, ಟಿ.ವಿ.ಯಲ್ಲಿ ಪ್ರಸಾರ. ಜೊತೆಗೆ ಹೊಸ ನಿಯಮಗಳು: ಪಾಳಿ 7 ನಿಮಿಷಕ್ಕೆ ಇಳಿಯಿತು. ಅಂಕಣದ ಉದ್ದ ಕಡಿಮೆಯಾಯಿತು. ಬೆನ್ನಟ್ಟುವ ಕಡೆಯವರು 9ರ ಬದಲು 7 ಆದರು. ಮುಟ್ಟಿದರೆ 2 ಅಂಕ, ಹಾರಿ ಮುಟ್ಟಿದರೆ ಅಥವಾ ಕಂಬ ಹಿಡಿದು ಜಿಗಿದು ಮುಟ್ಟಿದರೆ 3. ಓಡುವವರು ನಿಗದಿತ ಹೊತ್ತಿಗಿಂತ ಹೆಚ್ಚು ಉಳಿದರೆ ಅವರಿಗೂ ಅಂಕ, ಅದಕ್ಕೆ ಡ್ರೀಮ್ ರನ್ ಎಂದು ಹೆಸರು. ಮತ್ತೆ ಈ ವಜೀರ. ಪವರ್‌ಪ್ಲೇ ಎಂಬ ಅವಧಿಯಲ್ಲಂತೂ ಇಬ್ಬರು ವಜೀರರು.

ಇದರಲ್ಲಿ ಎಲ್ಲವನ್ನೂ ನಾನು ಬೈಯುವವಳಲ್ಲ. ಡ್ರೀಮ್ ರನ್ ನನಗೆ ಇಷ್ಟವಾಯಿತು. ಹಳೆಯ ಲೆಕ್ಕದಲ್ಲಿ ಓಡುವವಳು ಎಷ್ಟು ಹೊತ್ತು ಉಳಿದರೂ ಅವಳ ಹೆಸರಿಗೆ ಒಂದು ಅಂಕವೂ ಬರೆಯುತ್ತಿರಲಿಲ್ಲ. ನಿಮಿಷಗಳನ್ನು ಬರೆದಿಡುತ್ತಿದ್ದರು, ಅಷ್ಟೇ. ಸಿಗದೆ ಇರುವುದೂ ಒಂದು ಗೆಲುವು ಎಂದು ಒಪ್ಪಿದ ಈ ನಿಯಮ ಆಟದ ಒಳಗಿನಿಂದಲೇ ಬಂದದ್ದು. ನಾನು ಹುಡುಗಿಯಾಗಿದ್ದಾಗ ಇದ್ದಿದ್ದರೆ ನಮ್ಮ ತಂಡದ ಒಬ್ಬಳಾದರೂ ಗದಗ-ಧಾರವಾಡದವರೆಗೆ ಹೋಗುತ್ತಿದ್ದಳು.

ಒಳಗಿನಿಂದ ಬಂದ ನಿಯಮ, ಹೊರಗಿನಿಂದ ಬಂದ ನಿಯಮ ಎಂದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲಿನ ಉದಾಹರಣೆ ತೆಗೆದುಕೊಳ್ಳೋಣ. 1950ರ ನವೆಂಬರ್ 22ರಂದು ಅಲ್ಲಿ ಒಂದು ಪಂದ್ಯ ನಡೆಯಿತು. 48 ನಿಮಿಷ ಆಡಿ ಕೊನೆಗೆ ಬಂದ ಅಂಕ 19-18. ಮುಂದಿದ್ದ ತಂಡ ಚೆಂಡು ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಿತ್ತು. ಅದನ್ನು ತಡೆಯುವ ನಿಯಮವೇ ಇರಲಿಲ್ಲ. ಆಟ ಬೇನೆ ಬಿದ್ದಿತ್ತು. 1954ರಲ್ಲಿ ಮದ್ದು ಬಂತು: ಚೆಂಡು ಕೈಗೆ ಬಂದ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು. ಒಂದೇ ವರ್ಷದಲ್ಲಿ ಪ್ರತಿ ತಂಡದ ಸರಾಸರಿ ಅಂಕ ಸುಮಾರು 79ರಿಂದ 93ಕ್ಕೆ ಏರಿತು. ಇಂಥ ಬದಲಾವಣೆಗೆ ನಾನೂ ಕೈ ಮುಗಿಯುತ್ತೇನೆ. ರೋಗ ಆಟದಲ್ಲಿತ್ತು, ಮದ್ದೂ ಆಟಕ್ಕೇ ಬಿತ್ತು.

ಈಗ 2025ರ ಜನವರಿಯಲ್ಲಿ ಅದೇ ಲೀಗಿನ ಮುಖ್ಯಸ್ಥ ಆಡಮ್ ಸಿಲ್ವರ್ ಅವರು, 12 ನಿಮಿಷದ ನಾಲ್ಕು ಪಾಳಿಗಳ ಬದಲು 10 ನಿಮಿಷದ ನಾಲ್ಕು ಪಾಳಿ ಮಾಡಿದರೆ ತಮಗೆ ಒಪ್ಪಿಗೆ ಎಂದರು. ಉಳಿದ ಜಗತ್ತು 10 ನಿಮಿಷದ ಲೆಕ್ಕದಲ್ಲೇ ಆಡುತ್ತದೆ, ನಿಜ. ಆದರೆ ಅವರ ಮಾತಿನಲ್ಲಿದ್ದದ್ದು ನೋಡುವವರ ಚಾಳಿಯ ಚಿಂತೆ: ಟಿ.ವಿ. ಮುಂದೆ ಎರಡು ತಾಸಿಗಿಂತ ಹೆಚ್ಚು ಹೊತ್ತು ಜನ ಕೂಡುವುದಿಲ್ಲ ಎಂಬುದು. ಅಲ್ಲಿ ಎಂಟು ನಿಮಿಷ ಕಡಿಮೆಯಾದರೆ ಮೊದಲು ಕುತ್ತು ಯಾರಿಗೆ? ದೊಡ್ಡ ಹೆಸರಿನವರಿಗಲ್ಲ. ಅವರು ಆಡಿಯೇ ಆಡುತ್ತಾರೆ. ಬೆಂಚಿನ ಮೇಲೆ ಕುಂತು, ಎಂಟು ನಿಮಿಷಕ್ಕೆ ಮಾತ್ರ ಒಳಗೆ ಹೋಗುತ್ತಿದ್ದ ಹತ್ತನೆಯ ಆಟಗಾರನಿಗೆ. ಅಮೆರಿಕದ ಆ ಹತ್ತನೆಯವನಿಗೆ ಸಂಬಳವಾದರೂ ಇದೆ. ನಮ್ಮ ಊರಿನ ಹತ್ತನೆಯವಳಿಗೆ ಏನಿದೆ?

ಕಬಡ್ಡಿಯವರದ್ದು ನಡುವಿನ ದಾರಿ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ 30 ಸೆಕೆಂಡಿನ ದಾಳಿ, ಎರಡು ದಾಳಿ ಬರಿದಾದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ಔಟು ಎಂಬ ನಿಯಮ ಚಾಲ್ತಿಗೆ ಬಂದವು. ಎರಡನೆಯದು ಒಳ್ಳೆಯದು, ಸುಮ್ಮನೆ ಗೆರೆ ಮುಟ್ಟಿ ಓಡಿಬರುವವರಿಗೆ ಬುದ್ಧಿ ಕಲಿಸಿತು. ಆದರೆ ಮೊದಲನೆಯದರ ಬಗ್ಗೆ ನನಗೊಂದು ವ್ಯಥೆ ಇದೆ. ನಮ್ಮ ಅಣ್ಣಂದಿರು ಆಡುವಾಗ ದಾಳಿಗೆ ಗಡಿಯಾರ ಎಂದರೆ ಎದೆಯೊಳಗಿನ ಉಸಿರು. ಉಸಿರು ಇರುವವರೆಗೆ ದಾಳಿ. ಈಗ ಪರದೆಯ ಮೇಲೆ ಅಂಕಿ ಇಳಿಯುತ್ತದೆ. ದಾಳಿ ಮಾಡುವವನು "ಕಬಡ್ಡಿ" ಎನ್ನುತ್ತಾನೋ ಇಲ್ಲವೋ ಕೇಳುವುದೂ ಇಲ್ಲ. ಹೋಗಲಿ ಬಿಡಿ, ಕಬಡ್ಡಿ ಬದುಕಿತಲ್ಲ, ನಮ್ಮ ಕಡೆಯ ಹುಡುಗರು ನಾಲ್ಕು ದುಡ್ಡು ಕಂಡರಲ್ಲ. ಆ ಲೆಕ್ಕದಲ್ಲಿ ಉಸಿರನ್ನು ಬಿಟ್ಟುಕೊಟ್ಟೆ. ವಜೀರನನ್ನು ಬಿಟ್ಟುಕೊಡಲಾರೆ. ಯಾಕೆಂದು ಕೇಳಿ.

2025ರ ಜನವರಿ 19, ಭಾನುವಾರ. ದಿಲ್ಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಮೊದಲ ಖೋ-ಖೋ ವಿಶ್ವಕಪ್ಪಿನ ಅಂತಿಮ ಪಂದ್ಯ. ನಮ್ಮ ಮನೆಯ ಪಡಸಾಲೆಯಲ್ಲಿ ಹದಿಮೂರು ಹುಡುಗಿಯರು. ಒಬ್ಬಳು ಶೇಂಗಾ ತಂದಿದ್ದಳು. ಮಹಿಳೆಯರ ಪಂದ್ಯದಲ್ಲಿ ಭಾರತ ನೇಪಾಳವನ್ನು 78-40ರಿಂದ ಸೋಲಿಸಿತು. ತಿ. ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ ಬಿ. ಇದ್ದ ಸರದಿ ಕೊನೆಯ ಪಾಳಿಯಲ್ಲಿ ಐದು ನಿಮಿಷಕ್ಕೂ ಮೀರಿ ಸಿಗದೆ ಓಡಿತು. ನಮ್ಮ ಹುಡುಗಿಯರು ನೆಲಕ್ಕೆ ಕೂಡಲಿಲ್ಲ. ಶೇಂಗಾದ ಸಿಪ್ಪೆ ಮೂರು ದಿನ ಪಡಸಾಲೆಯಲ್ಲಿ ಸಿಗುತ್ತಿತ್ತು. ನಾನೂ ಕಣ್ಣು ಒರೆಸಿಕೊಂಡೆ. ಕನ್ನಡದ ಹಳ್ಳಿಯ ಹೆಣ್ಣುಮಗಳು ಜಗತ್ತನ್ನು ಓಡಿಸಿ ಓಡಿಸಿ ದಣಿಸಿದ್ದನ್ನು ನೋಡಿ ಅಳದಿದ್ದರೆ ನಾನು ಯಾವ ಸೀಮೆಯ ಅಕ್ಕೋರು?

ಆಮೇಲೆ ಬೇಸಿಗೆ ಬಂತು. ಪಕ್ಕದ ಹಳ್ಳಿಯ ಜಾತ್ರೆಗೆ ತರುಣರು ಪಂದ್ಯಾವಳಿ ಇಟ್ಟರು. "ವರ್ಲ್ಡ್ ಕಪ್ ಮಾದರಿ" ಎಂದು ಬ್ಯಾನರು. ಹುಡುಗಿಯರಿಗೂ ಅವಕಾಶ ಕೊಟ್ಟಿದ್ದರು, ಅದಕ್ಕೆ ಅವರನ್ನು ಮೆಚ್ಚುತ್ತೇನೆ. ಏಳು ಜನ, ಏಳು ನಿಮಿಷ, ವಜೀರಳ ಸೊಂಟಕ್ಕೆ ಹಳದಿ ಓಡಣಿ. ನನ್ನ ಕಡೆ ಒಂಬತ್ತು ಜನ ವರ್ಷವೆಲ್ಲ ಕೂಡಿ ಆಡಿದವರು. ಇಬ್ಬರನ್ನು ಮೊದಲೇ ಹೊರಗೆ ನಿಲ್ಲಿಸಬೇಕಾಯಿತು. ಯಾರನ್ನು? ನೀವು ಊಹಿಸಿರಬೇಕು. ನಿಧಾನದವರನ್ನು. ನಾನೇ ಆರಿಸಿದೆ, ಬೇರೆಯವರನ್ನು ದೂರುವುದಿಲ್ಲ.

ವಜೀರ ಯಾರಾಗಬೇಕೆಂಬುದಕ್ಕೆ ಚರ್ಚೆ ಬೇಕಾಗಲಿಲ್ಲ. ನಮ್ಮಲ್ಲಿ ಒಬ್ಬಳಿದ್ದಾಳೆ, ಗಾಳಿಯಂಥವಳು. ಆಟ ಶುರುವಾಯಿತು. ಮೊದಲ ಎರಡು ನಿಮಿಷ ಹಳೆಯ ರೂಢಿಯಂತೆ ಖೋ ಕೊಟ್ಟರು. ಒಮ್ಮೆ ಎದುರಾಳಿ ಹುಡುಗಿ ಹಿಂದಕ್ಕೆ ತಪ್ಪಿಸಿಕೊಂಡಾಗ ನಮ್ಮ ವಜೀರ ತಿರುಗಿ ಹಿಡಿದಳು. ಜನ ಹೋ ಎಂದರು. ಅಷ್ಟೇ, ಆಮೇಲೆ ಉಳಿದವರಿಗೆ ಖೋ ಬಂದರೂ ಅವರು ಎದ್ದು ಮೊದಲು ಹುಡುಕುತ್ತಿದ್ದದ್ದು ಎದುರಾಳಿಯನ್ನಲ್ಲ, ಹಳದಿ ಓಡಣಿ ಎಲ್ಲಿ ಕುಂತಿದೆ ಎಂಬುದನ್ನು. ಆ ಓಡಣಿಯ ಕೈಗೆ ಆಟ ಸಿಕ್ಕರೆ ಮತ್ತೆ ಅದು ಯಾರ ಬೆನ್ನನ್ನೂ ತಟ್ಟುವ ಅವಸರ ಮಾಡುತ್ತಿರಲಿಲ್ಲ. ತಾನೇ ತಿರುಗಬಹುದಲ್ಲ, ಯಾಕೆ ತಟ್ಟಬೇಕು? ಪಂದ್ಯ ಗೆದ್ದೆವು. ಡೋಲು ಬಾರಿಸಿದರು, ಒಬ್ಬರು ಯಜಮಾನರು ನಮ್ಮ ವಜೀರಳಿಗೆ ನೂರು ರೂಪಾಯಿ ಬಹುಮಾನವನ್ನೂ ಕೊಟ್ಟರು.

ಟಂಟಂನಲ್ಲಿ ವಾಪಸು ಬರುವಾಗ ಮೂರನೆಯ ಚೌಕದ ಹುಡುಗಿ ನನ್ನ ಪಕ್ಕ ಕುಂತಿದ್ದಳು. ಅಪ್ಪ ಅವ್ವ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋದಾಗ ಅಜ್ಜಿಯ ಹತ್ತಿರ ಉಳಿದು ಶಾಲೆಗೆ ಬರುವವಳು. ಮಾತು ಕಡಿಮೆ. ಅವಳು ಹೇಳಿದಳು:

"ಅಕ್ಕೋರ, ಎರಡನೇ ಪಾಳಿಯೊಳಗ ನಾ ಒಮ್ಮೆನೂ ಏಳಲಿಲ್ರಿ."

ದೂರಿನ ದನಿಯಲ್ಲಿ ಹೇಳಲಿಲ್ಲ. ಗೆದ್ದ ಖುಷಿ ಅವಳಿಗೂ ಇತ್ತು. ಲೆಕ್ಕ ಒಪ್ಪಿಸುವಂತೆ ಹೇಳಿದಳು, ಅಷ್ಟೇ. ಮರುದಿನ ಶಾಲೆಗೆ ಬಂದಳು, ಆದರೆ ಅಭ್ಯಾಸಕ್ಕೆ ಬರಲಿಲ್ಲ. ಎರಡು ವಾರ ಬರಲಿಲ್ಲ. ಕೇಳಿದರೆ ಅಜ್ಜಿಗೆ ಆರಾಮಿಲ್ಲ ಎಂದಳು. ಇರಬಹುದು.

ಮಾಸ್ತರರಿಗೆ ಈ ಕಥೆ ಹೇಳಿದೆ. ಅವರು ಪ್ರಾಮಾಣಿಕರು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರ ಅಕ್ಕೋರ, ಆ ಓಡೋ ಹುಡುಗಿಗೆ ನೂರು ರೂಪಾಯಿ ಬಂತಲ್ಲ, ನಾಕು ಮಂದಿ ಹೆಸರ ಹಿಡಿದ ಕರದ್ರಲ್ಲ, ಅದೂ ಬೇಕಲ್ರಿ?" ಎಂದರು. ಬೇಕು. ಅದನ್ನು ನಾನು ಅಲ್ಲಗಳೆಯಲಾರೆ. ಆ ಓಟದ ಹುಡುಗಿಯೂ ನನ್ನವಳೇ. ಅವಳು ವಜೀರಳಾಗಿ ಕುಣಿದದ್ದನ್ನು ನೋಡಿ ನನಗೂ ಹಿಗ್ಗಾಗಿತ್ತು. ಆದರೆ ಅವಳು ವೇಗದವಳು ಎಂಬುದು ವಜೀರ ಬರುವ ಮೊದಲೂ ಗೊತ್ತಿತ್ತು. ಓಡುವ ಪಾಳಿಯಲ್ಲಿ ಅವಳನ್ನು ಯಾರೂ ಹಿಡಿಯುತ್ತಿರಲಿಲ್ಲ. ಅವಳ ಹೆಸರು ಕರೆಯಲು ಇನ್ನೊಬ್ಬಳನ್ನು ಕೂಡಿಸಬೇಕಾಗಿರಲಿಲ್ಲ.

ಹೆಣ್ಣುಮಕ್ಕಳ ಮಾತಿಗೆ ಬಂದೆ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬಾಸ್ಕೆಟ್‌ಬಾಲನ್ನು ಜೇಮ್ಸ್ ನೈಸ್ಮಿತ್ 1891ರಲ್ಲಿ ಹುಟ್ಟಿಸಿದರು. ಮರುವರ್ಷವೇ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ, ಹೌದು, ನಮ್ಮಂಥ ಒಬ್ಬ ಅಕ್ಕೋರು, ಅದನ್ನು ಸ್ಮಿತ್ ಕಾಲೇಜಿನ ಹುಡುಗಿಯರಿಗೆ ಕಲಿಸಿದರು. ಆದರೆ ಹೆಣ್ಣಿಗೆ ಅಷ್ಟು ಓಟ ಒಳ್ಳೆಯದಲ್ಲ ಎಂಬುದು ಆ ಕಾಲದ ನಂಬಿಕೆ. ಅಂಕಣವನ್ನು ಮೂರು ಭಾಗ ಮಾಡಿದರು. ಒಬ್ಬಳು ತನ್ನ ಭಾಗ ಬಿಟ್ಟು ಇನ್ನೊಂದಕ್ಕೆ ಕಾಲಿಡುವಂತಿಲ್ಲ. ಇನ್ನೊಬ್ಬಳ ಕೈಯಿಂದ ಚೆಂಡು ಕಸಿಯುವಂತಿಲ್ಲ. ಅದೇ ಬಗೆಯ ಹೆಂಗಸರ ನಿಯಮ, ಆರು ಜನರ ತಂಡದಲ್ಲಿ ಮೂವರು ಈ ಅರ್ಧದಲ್ಲಿ ಮೂವರು ಆ ಅರ್ಧದಲ್ಲಿ ಎಂಬ ರೂಪದಲ್ಲಿ, ಅಮೆರಿಕದ ಅಯೋವಾ ರಾಜ್ಯದ ಶಾಲೆಗಳಲ್ಲಿ 1993ರವರೆಗೂ ಇತ್ತು. ನೂರು ವರ್ಷ! ನಮ್ಮ ಅವ್ವ ಒಬ್ಬಳೇ ಅಲ್ಲ ಹಾಗೆ ಹೇಳುತ್ತಿದ್ದವಳು ಎಂದು ಇದನ್ನು ಓದಿದಾಗ ನಗು ಬಂತು.

ಖೋ-ಖೋದಲ್ಲಿ ಹೀಗೆ ಆಗಲಿಲ್ಲ ಎಂಬುದು ನನ್ನ ಹೆಮ್ಮೆ. ಇಲ್ಲಿ ಹೆಣ್ಣಿಗೆ ಬೇರೆ ಗೆರೆ ಎಳೆಯಲಿಲ್ಲ. ಅದೇ ಕಂಬ, ಅದೇ ಚೌಕ. 1971ರಲ್ಲೇ ಅಚಲಾ ದೇವರೆ ಅವರಿಗೆ ಅರ್ಜುನ ಪ್ರಶಸ್ತಿ ಬಂತು. 1998ರಲ್ಲಿ ನಮ್ಮ ರಾಜ್ಯದ ಶೋಭಾ ನಾರಾಯಣ ಅವರಿಗೆ ಬಂತು. ಅಲ್ಲಿಂದ 22 ವರ್ಷ ಖೋ-ಖೋದ ಯಾರಿಗೂ ಬರಲಿಲ್ಲ. 2020ರಲ್ಲಿ ಬಂದದ್ದು ಮತ್ತೆ ಒಬ್ಬ ಹೆಣ್ಣುಮಗಳಿಗೆ, ಉಸ್ಮಾನಾಬಾದಿನ ಸಾರಿಕಾ ಕಾಳೆಗೆ. ಇಂಥ ಆಟಕ್ಕೆ ವೃತ್ತಿಪರ ಲೀಗು ಮಾಡುವಾಗ ಮೊದಲ ಎರಡು ಆವೃತ್ತಿಗಳಲ್ಲಿ, ಅಂದರೆ 2022ರಲ್ಲಿ ಪುಣೆಯಲ್ಲಿ ಮತ್ತು 2023-24ರಲ್ಲಿ ಕಟಕದಲ್ಲಿ, ಒಂದೇ ಒಂದು ಮಹಿಳಾ ತಂಡ ಇರಲಿಲ್ಲ. ವಜೀರನಿಗೆ ಜಾಗ ಹುಡುಕಿದರು, ಪವರ್‌ಪ್ಲೇಗೆ ಹುಡುಕಿದರು, ಹೆಣ್ಣಿಗೆ ಸಿಗಲಿಲ್ಲ. ಕಬಡ್ಡಿಯವರು 2016ರಲ್ಲಿ ಮೂರು ಮಹಿಳಾ ತಂಡ ಕಟ್ಟಿ ಒಂದು ವರ್ಷ ಆಡಿಸಿ ಕೈಬಿಟ್ಟರು. ನಿಯಮ ಬದಲಿಸುವವರು ಇಷ್ಟು ಧೈರ್ಯಶಾಲಿಗಳಾದರೆ ಈ ನಿಯಮವನ್ನು ಮೊದಲು ಬದಲಿಸಬಹುದಿತ್ತಲ್ಲ? ಆ ಆರು ತಂಡಗಳಲ್ಲಿ ಕರ್ನಾಟಕದ ಹೆಸರಿನದೂ ಇರಲಿಲ್ಲ ಎಂಬುದು ಇನ್ನೊಂದು ಸಂಕಟ. ಅದನ್ನು ಬೆಂಗಳೂರಿನ ಹಣವಂತರು ಯೋಚಿಸಲಿ.

ಮ್ಯಾಟಿನ ಮಾತು ಹೇಳದೆ ಮುಂದೆ ಹೋಗಲಾರೆ. ಹಾರಿ ಬಿದ್ದರೆ 3 ಅಂಕ ಎಂದು ನಿಯಮ ಮಾಡಿದವರು ಮ್ಯಾಟಿನ ಮೇಲೆ ನಿಂತು ಮಾಡಿದ್ದಾರೆ. ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಕೆಸರು, ಉಳಿದ ದಿನ ಗರಸು ಹಾಕಿದ ಅಂಗಳ. ಅಲ್ಲಿ ಹಾರಿದವಳ ಮೊಣಕಾಲು ಸುಲಿಯುತ್ತದೆ. ಜಾತ್ರೆಯ ಪಂದ್ಯದ ನಂತರ ನನ್ನ ಇಬ್ಬರು ಹುಡುಗಿಯರ ಮೊಣಕೈಗೆ ಅರಿಶಿನ-ಎಣ್ಣೆ ಹಚ್ಚಿ ಮನೆಗೆ ಕಳಿಸಿದೆ, ಮನೆಯವರ ಬೈಗುಳವನ್ನೂ ತಿಂದೆ. ಹಾಕಿಯ ಕಥೆ ನಮ್ಮ ತಲೆಮಾರಿನವರಿಗೆ ಗೊತ್ತಿದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಹುಲ್ಲು ತೆಗೆದು ಕೃತಕ ಹಾಸು ಹಾಸಿದರು. ಅಷ್ಟರಲ್ಲಿ ಏಳು ಬಾರಿ ಚಿನ್ನ ಗೆದ್ದಿದ್ದ ನಾಡು ಅಲ್ಲಿ ಏಳನೆಯ ಸ್ಥಾನಕ್ಕೆ ಇಳಿಯಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಹಾಸು ಕೊಳ್ಳಲಾಗದ ಊರುಗಳಿಂದ ಹುಡುಗರು ಮೇಲೆ ಬರುವುದು ಆಮೇಲೆ ಕಠಿಣವಾಯಿತು ಎಂಬುದನ್ನು ಯಾರೂ ಅಲ್ಲಗಳೆದಿಲ್ಲ. ಖೋ-ಖೋಗೆ ಬೇಕಾಗಿದ್ದದ್ದು ಎರಡು ಕಂಬ ಮತ್ತು ಒಂದು ಮುಷ್ಟಿ ಬೂದಿ. ಅದಕ್ಕೇ ಅದು ನಮ್ಮ ಅಂಗಳದ ತನಕ ಬಂತು.

"2036ರ ಒಲಿಂಪಿಕ್ಸ್ ಭಾರತಕ್ಕೆ ಬಂದ್ರ ಖೋ-ಖೋ ಅಲ್ಲಿ ಇರಬೇಕಲ್ರಿ" ಎಂಬುದು ಮಾಸ್ತರರ ಕೊನೆಯ ಅಸ್ತ್ರ. ಇರಲಿ, ಸಂತೋಷವೇ. 1936ರಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಬರ್ಲಿನ್ನಿಗೆ ಹೋಗಿ ನಮ್ಮ ದೇಶೀ ಆಟಗಳನ್ನು ತೋರಿಸಿ ಬಂದರು. ಯಾರಿಗೂ ಕಾಣಲಿ ಎಂದು ಆಟವನ್ನು ಕತ್ತರಿಸಿಕೊಂಡು ಹೋದವರಲ್ಲ. ಜಗತ್ತಿಗೆ ಬೇಕಾದ ಚುಟುಕು ರೂಪ ಒಂದಿರಲಿ, ಕ್ರಿಕೆಟ್ಟಿನಲ್ಲಿ ಐದು ದಿನದ್ದೂ ಇದೆ, ಇಪ್ಪತ್ತು ಓವರಿನದ್ದೂ ಇದೆ. ನನ್ನ ತಕರಾರು ಆ ರೂಪ ಶಾಲೆಯ ಅಂಗಳಕ್ಕೆ ಇಳಿಯುವುದರ ಬಗ್ಗೆ. ಟಿ.ವಿ.ಯಲ್ಲಿ ಆಡುವವರು ಈಗಾಗಲೇ ಆರಿಸಿ ಬಂದವರು, ಅಲ್ಲಿ ನಿಧಾನದವರೇ ಇಲ್ಲ. ನನ್ನ ಅಂಗಳದಲ್ಲಿ ಇದ್ದಾರೆ. ಅವರ ಸಲುವಾಗಿಯೇ ನಾನು ಸೀಟಿ ಊದುವುದು.

ಮತ್ತೆ ಆರಿಸಿ ಬಂದವರಿಗಾದರೂ ಏನು ಸಿಕ್ಕಿತು? ನಾವು ಗಡಿಯಲ್ಲಿರುವವರು, ನಮಗೆ ಎರಡೂ ಕಡೆಯ ಪೇಪರು ಬರುತ್ತವೆ. ವಿಶ್ವಕಪ್ ಗೆದ್ದ ತಂಡದಲ್ಲಿದ್ದ ತನ್ನ ಆಟಗಾರರಿಗೆ ಮಹಾರಾಷ್ಟ್ರ ಸರಕಾರ ತಲಾ 2.25 ಕೋಟಿ ರೂಪಾಯಿ ಮತ್ತು ಸರಕಾರಿ ನೌಕರಿ ಘೋಷಿಸಿತು. ನಮ್ಮ ಸರಕಾರ ಚೈತ್ರಾ ಅವರಿಗೂ ಪುರುಷರ ತಂಡದಲ್ಲಿದ್ದ ಗೌತಮ್ ಅವರಿಗೂ ಘೋಷಿಸಿದ್ದು ತಲಾ 5 ಲಕ್ಷ. ಅವರಿಬ್ಬರೂ ಅದನ್ನು ಒಲ್ಲೆವೆಂದರು. ಆ ಸುದ್ದಿ ಓದಿದ ದಿನ ನನ್ನ ತರಗತಿಯಲ್ಲಿ ಒಬ್ಬಳು ಎದ್ದು ನಿಂತು, "ಅಕ್ಕೋರ, ಮಿರಜದಾಗ ನಮ್ಮ ಚಿಗವ್ವ ಅದಾಳ, ನಾ ಅಲ್ಲೇ ಸಾಲಿಗೆ ಹೋಗಲೇನ್ರಿ?" ಎಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಏಳು ನಿಮಿಷವೋ ಒಂಬತ್ತು ನಿಮಿಷವೋ ಎಂದು ತಲೆ ಕೆಡಿಸಿಕೊಳ್ಳುವ ದೊಡ್ಡವರು ಈ ಪ್ರಶ್ನೆಗೂ ಒಂದು ಸಭೆ ಕರೆದರೆ ನನ್ನ ಅಭ್ಯಂತರವಿಲ್ಲ.

ಮಾಸ್ತರರೇ, ನೀವು ಕೇಳಿದಿರಿ, ನೋಡುವವರಿಲ್ಲದಿದ್ದರೆ ಆಟ ಯಾಕೆ ಎಂದು. ನಾವು ಎಂಟು ಜನ ಬೂದಿಯ ಗೆರೆಯಲ್ಲಿ ಆಡಿದಾಗ ನೋಡುವವರು ಯಾರೂ ಇರಲಿಲ್ಲ. ಒಂದು ಎಮ್ಮೆ ಇರುತ್ತಿತ್ತು, ಅದೂ ಆ ಕಡೆ ಮುಖ ಮಾಡಿ. ಶಿಕ್ಷಣ ಇಲಾಖೆಯವರಿಗೆ, ಖೋ-ಖೋ ಸಂಸ್ಥೆಯವರಿಗೆ ನನ್ನ ಕೋರಿಕೆ ಇಷ್ಟೇ: ವಲಯದಿಂದ ರಾಜ್ಯದವರೆಗಿನ ಶಾಲಾ ಪಂದ್ಯಗಳಲ್ಲಿ ವಜೀರನನ್ನು ತರಬೇಡಿ. ಒಂಬತ್ತನ್ನು ಏಳು ಮಾಡಬೇಡಿ. ತರಲೇಬೇಕೆಂಬ ಹಟವಿದ್ದರೆ ಹಳದಿ ಓಡಣಿ ಪ್ರತಿ ಪಾಳಿಗೂ ಬೇರೆಯವಳ ಸೊಂಟಕ್ಕೆ ಹೋಗಬೇಕೆಂದು ಬರೆಯಿರಿ. ಈ ಕೊನೆಯ ಸೂಚನೆ ನನ್ನದಲ್ಲ. ವಜೀರಳಾಗಿ ನೂರು ರೂಪಾಯಿ ಗೆದ್ದ ಆ ಗಾಳಿಯಂಥ ಹುಡುಗಿಯದು. ಎರಡು ವಾರ ಮೂರನೆಯ ಚೌಕ ಖಾಲಿ ಇದ್ದದ್ದನ್ನು ನೋಡಿ ಅವಳೇ ಒಂದು ಸಂಜೆ ಆ ಗೆಳತಿಯ ಮನೆಗೆ ಹೋಗಿದ್ದಳಂತೆ. ಏನು ಮಾತಾಡಿದರೋ ತಿಳಿಯದು.

ಮರುದಿನ ಸಂಜೆ ನಾಲ್ಕೂವರೆಗೆ ಇಬ್ಬರೂ ಬಂದರು. ನಾನು ಗೆರೆ ಎಳೆಯುತ್ತಿದ್ದೆ. ಸುಣ್ಣ ಮುಗಿದಿತ್ತು, ಬಿಸಿಯೂಟದ ಒಲೆಯಿಂದ ಬೂದಿ ತರಲು ಅವರನ್ನೇ ಕಳಿಸಿದೆ.